ಮೈನಸ್ ಐದೂವರೆ

ಅವರು ನನ್ನ ಕಣ್ಣೆದುರು ಮೊದಲು ಹೊಡೆದದ್ದು ಒಂದು ಮಾನಿಟರಿಗೆ. ಮನುಷ್ಯರ ಕೆನ್ನೆಗೆ ಹೊಡೆಯುವ ಹಾಗೆಯೇ, ಅಂಗೈ ಅಗಲ ಮಾಡಿ, ಬೀಸಿ. ಆ ಏಟಿಗೆ ಪರದೆಯ ಒಂದು ಮೂಲೆ ಹಸಿರಾಯಿತು. ಆಮೇಲೆ ಎಂದೂ ಸರಿಹೋಗಲಿಲ್ಲ. ಟೈಪಿಂಗ್ ಕಲಿಯಲು ಬರುವ ಹುಡುಗಿಯರು "ಮೇಡಂ, ಇದಕ್ಕೇನಾಗಿದೆ?" ಎಂದು ಕೇಳಿದರೆ "ಪೆಟ್ಟಾಗಿದೆ" ಎನ್ನುತ್ತಿದ್ದೆ.

ಹೋದ ತಿಂಗಳು ಅವರು ವಿಶಾಖಪಟ್ಟಣದ ಬಳಿಯ ಭೀಮುನಿಪಟ್ಟಣದಲ್ಲಿ, ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಒಬ್ಬರಿಗೆ ಒಪ್ಪಿಗೆಯಾಗದು, ಆ ಒಬ್ಬರ ಒಪ್ಪಿಗೆ ನನಗೆ ಮುಖ್ಯ.

ನನ್ನ ಅಪ್ಪ ಹಾಸನದವರು, ನೌಕಾಪಡೆಯಲ್ಲಿದ್ದರು. ನೌಕಾಪಡೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಮಕ್ಕಳಿಗೆ ಅಪ್ಪನ ಜೊತೆಯವರೆಲ್ಲ ಅಂಕಲ್ಲುಗಳೇ. ಇವರೂ ಹಾಗೆ ಅಂಕಲ್. ಬಾಗಲಕೋಟೆ ಕಡೆಯವರು. ಹಡಗಿನಲ್ಲಿ ಚುಕ್ಕಾಣಿ ಹಿಡಿಯುವುದು, ನಕ್ಷೆಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ನಿವೃತ್ತರಾದ ಮೇಲೆ ಊರಿಗೆ ಹೋಗದೆ ಸಮುದ್ರದ ಪಕ್ಕದಲ್ಲೇ ಉಳಿದರು. ಗಿಡ್ಡ ಆಳು. ತಲೆ ನೇರವಾಗಿ ಭುಜದ ಮೇಲೆ ಕೂತಂತಿತ್ತು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಯಾಕೆಂದು ಕೇಳಿದಾಗ ಯಾವ ಮುಜುಗರವೂ ಇಲ್ಲದೆ ಹೇಳಿದ್ದರು:

"ಒಬ್ಬಾಂವ ನಕಾಶಿ ಮ್ಯಾಲೆ ಚಾದ ಗ್ಲಾಸು ಇಟ್ಟಿದ್ದ. ದುಂಡಗ ಕಲೆ ಆತು. ಒಂದs ಗುದ್ದು ಗುದ್ದಿದೆ. ಅವನ ದವಡೆ ಕೂಡಿತು ತಂಗಿ, ಕಲೆ ಹೋಗ್ಲಿಲ್ಲ."

ಆ ಗುದ್ದಿಗೆ ಅವರ ದರ್ಜೆಯೂ ಇಳಿದಿತ್ತಂತೆ. ಅದನ್ನು ಅಪ್ಪ ಹೇಳಿದ್ದು.

ನಾನು ಆಗ ವಿಶಾಖಪಟ್ಟಣದ ದ್ವಾರಕಾನಗರದಲ್ಲಿ, ಮಹಡಿ ಮೇಲಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಓದಿದ್ದು ಕಾಮರ್ಸ್. ಕಂಪ್ಯೂಟರು, ನಕ್ಷತ್ರ ಎರಡನ್ನೂ ಹುಚ್ಚಿನಲ್ಲಿ ನಾನೇ ಕಲಿತದ್ದು. ಯಾರ ಬಳಿ ಯಾವ ಫ್ಲಾಪಿ ಇದ್ದರೂ ಬೇಡಿ ನಕಲು ಮಾಡಿಕೊಳ್ಳುತ್ತಿದ್ದೆ. ಅಂಕಲ್ ಸೇರಿ ನಾಲ್ಕಾರು ಜನ ಭಾನುವಾರಗಳಂದು ಬೀಚಿನಲ್ಲಿ ದೂರದರ್ಶಕ ಇಟ್ಟು ಆಕಾಶ ನೋಡುತ್ತಿದ್ದರು. ಎಲ್ಲರೂ ಒಂದೇ ತಂತ್ರಾಂಶ ಬಳಸೋಣ, ಯಾವುದು ಒಳ್ಳೆಯದೋ ಆರಿಸೋಣ ಎಂಬ ಮಾತು ಬಂತು. ಆರಿಸುವ ಕೆಲಸ ಅಂಕಲ್‌ಗೆ, ಕೀಲಿ ಒತ್ತುವ ಕೆಲಸ ನನಗೆ.

ನಮ್ಮ ಬಳಿ ಎರಡಿದ್ದವು. ಒಂದು ಸಿ.ಡಿ.ಯಲ್ಲಿ ಬಂದದ್ದು: ಬಣ್ಣದ ನೆಬ್ಯುಲಾಗಳು, ಗ್ರಹಗಳ ಫೋಟೋ, ಸಂಗೀತ ಬೇರೆ. ನಮ್ಮ ಯಂತ್ರದ ಮೇಲೆ ಅದು ಹೊರೆ ಹೊತ್ತ ಎತ್ತಿನಂತೆ ಎದ್ದೇಳುತ್ತಿತ್ತು. ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟೆವು. ಇನ್ನೊಂದು ಒಂದೇ ಫ್ಲಾಪಿಯದು, ಕಪ್ಪು ಪರದೆ, ಬಿಳಿ ಚುಕ್ಕಿ, ಅಂಕಿಗಳ ಸಾಲು. ಅದು ಸಣ್ಣಪ್ಪ.

ಮಾನಿಟರಿಗೆ ಏಟು ಬಿದ್ದದ್ದು ಸಣ್ಣಪ್ಪನ ಮೊದಲ ದಿನ. ವಿಶಾಖಪಟ್ಟಣದ ರೇಖಾಂಶ ಎಂಬತ್ಮೂರು ಚಿಲ್ಲರೆ. ಅಂಕಲ್ ಹೇಳಿದರು, ನಾನು ಒತ್ತಿದೆ. ಪರದೆ ಮೇಲಿನ ಭೂಪಟದಲ್ಲಿ ನಮ್ಮೂರು ಅಮೆರಿಕದ ಕೆಳಗೆ, ಹೊಂಡುರಾಸಿನ ಪಕ್ಕ, ನಡುನೀರಿನಲ್ಲಿ ಮಿಣುಕಿತು.

"ಎಲ್ಲಿ ಐತಿ ನಮ್ಮೂರು?"

"ಅಂಕಲ್, ಸಮುದ್ರದಲ್ಲಿ ತೋರಿಸ್ತಿದೆ."

"ಮುಳುಗಿಸಿ ಕುಂತೈತಿ! ಬೊಗಳಾಕತ್ತೈತಿ ಸೂಳೇಮಗಂದು!" ಎಂದವರೇ ಬಿಟ್ಟರು ಒಂದು.

ಅದನ್ನು ಬರೆದವನು ಅಮೆರಿಕದವನು, ಅವನಿಗೆ ಪಶ್ಚಿಮವೇ ಪ್ಲಸ್, ನಮ್ಮದಕ್ಕೆ ಮೈನಸ್ ಕೊಡಬೇಕು ಅಷ್ಟೇ. ತಿದ್ದಿದ ಮೇಲೆ ಊರು ಊರಿಗೆ ಬಂತು. ಅಂದಿನಿಂದ "ಅಂಕಲ್, ಈ ತುಂಬೋದೆಲ್ಲ ನಾನು ನೋಡ್ಕೋತೀನಿ, ನೀವು ಮುಟ್ಟಬೇಡಿ" ಎಂದುಬಿಟ್ಟೆ. ಹೊಸದಾಗಿ ಆಕಾಶ ನೋಡುವವರಿಗೆ ನಾನು ಇವತ್ತಿಗೂ ಹೇಳುವುದು ಇದೇ: ತಂತ್ರಾಂಶ ಆರಿಸುವಾಗ ಅದು ತೋರಿಸುವ ಚಿತ್ರಗಳನ್ನು ನೋಡಬೇಡಿ, ಅದು ನಿಮ್ಮನ್ನು ಏನು ಕೇಳುತ್ತದೆ ನೋಡಿ. ಎಲ್ಲಿ ನಿಂತಿದ್ದೀಯ, ಗಡಿಯಾರ ಯಾವುದು ಎಂದು ಸರಿಯಾಗಿ ಕೇಳದೇ ಇರುವುದು ಎಷ್ಟು ಚೆಂದವಿದ್ದರೂ ಗೋಡೆಯ ಕ್ಯಾಲೆಂಡರ್ ಅಷ್ಟೇ.

ಪರೀಕ್ಷೆ ನಡೆದದ್ದು ಭೀಮುನಿಪಟ್ಟಣದ ದಂಡೆಯಲ್ಲಿ. ಅಲ್ಲಿ ಚಂದ್ರ ನೇರ ಸಮುದ್ರದಿಂದ ಹುಟ್ಟುತ್ತಾನೆ, ನಡುವೆ ಗುಡ್ಡವಿಲ್ಲ, ಮರವಿಲ್ಲ. ಅಂಕಲ್ ರೇಡಿಯೋ ಕೇಳಿ ಕೈಗಡಿಯಾರ ಸರಿಮಾಡಿಕೊಂಡು ಎಳೆದಿಟ್ಟ ದೋಣಿಯ ಅಂಚಿನಲ್ಲಿ ಕೂರುತ್ತಿದ್ದರು. ಚಂದ್ರ ತಲೆ ಎತ್ತಿದ ಕ್ಷಣ ನಾಯಿಯ ಹಾಗೆ ಒಮ್ಮೆ "ಹಾಂ!" ಎನ್ನುತ್ತಿದ್ದರು. ಬಲೆ ಬಿಡಿಸುವ ಬೆಸ್ತರು ಬೆಚ್ಚಿಬಿದ್ದು ಬೈಯುತ್ತಿದ್ದರು. ಚಂದ್ರ ಸಣ್ಣಪ್ಪ ಹೇಳಿದ ನಿಮಿಷಕ್ಕೇ ಹುಟ್ಟಿದ, ಸಣ್ಣಪ್ಪ ಪಾಸಾದ. ದೊಡ್ಡಪ್ಪನಿಗೆ ನಮ್ಮ ಐದೂವರೆ ಗಂಟೆಯ ಅಂತರವೇ ಗೊತ್ತಿರಲಿಲ್ಲ. ಐದು ಹಾಕು, ಇಲ್ಲವೇ ಆರು ಹಾಕು ಎನ್ನುತ್ತಿತ್ತು. "ನಮ್ಮ ಅರ್ಧಾ ತಾಸು ಯಾರಪ್ಪಂದು ಅಂತ ನುಂಗ್ತೀಯಲೇ?" ಎಂದು ಅಂಕಲ್ ಆ ಸಿ.ಡಿ.ಯನ್ನು ಮೊಣಕಾಲಿಗೆ ಕೊಟ್ಟು ಮುರಿದರು. ಒಂದು ಚೂರು ಸಿಡಿದು ಅವರ ಗಲ್ಲಕ್ಕೇ ಚುಚ್ಚಿ ರಕ್ತ ಬಂತು. ಒರೆಸಿಕೊಳ್ಳಲಿಲ್ಲ.

ನಮ್ಮ ಗುಂಪಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದರು. ಪಾಪದ ಮನುಷ್ಯ. ಒಂದು ಭಾನುವಾರ, "ಸಾರ್, ಗ್ರಹ ಎಲ್ಲೆಲ್ಲಿವೆ ಅಂತ ಹೇಗೂ ಗೊತ್ತಾಗುತ್ತಲ್ಲ, ಇದರಲ್ಲೇ ನಮ್ಮ ಹುಡುಗೀದು ಜಾತಕ ಹೊಂದಿಸಬಹುದಾ?" ಎಂದು ಕೇಳಿಬಿಟ್ಟರು. ಛಟೀರ್ ಎಂದಿತು. ಹಲ್ಲಿನ ಡಾಕ್ಟರ ಹಲ್ಲೇ ಅಲ್ಲಾಡಿತು. ನಾವು ಉಳಿದವರು ನಕ್ಕೆವು. ಅವರು ಮತ್ತೆ ಬರಲಿಲ್ಲ.

ಹೀಗೆ ಬರೆಯುವಾಗ ನಗು ಬರುತ್ತದೆ, ಅಲ್ಲವೇ? ನನಗೂ ಬರುತ್ತಿತ್ತು. ಅವರ ಮನೆಗೆ ಹೋಗುವ ತನಕ.

ಅವರ ಹೆಂಡತಿ ತೆಲುಗಿನವರು, ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನವರು. ಕನ್ನಡವನ್ನು ಗಂಡನಿಂದಲೇ ಕಲಿತದ್ದು, ಹಾಗಾಗಿ ಬಾಗಲಕೋಟೆ ಕನ್ನಡ, ನಡುನಡುವೆ ತೆಲುಗು. ನನ್ನನ್ನು "ಅಮ್ಮಾಯಿ" ಎನ್ನುತ್ತಿದ್ದರು, ಅಂದರೆ ಹುಡುಗಿ. ನಾನು ಹೋದಾಗಲೆಲ್ಲ ಪುಣುಗುಲು ಕರಿದು ಕೊಡುತ್ತಿದ್ದರು, ನಮ್ಮ ಬೋಂಡಾದ ಚಿಕ್ಕ ತಂಗಿ ಅದು. ಒಮ್ಮೆ ಎಡಗೈಯಲ್ಲಿ ಕೊಟ್ಟರು. ಬಲಗೈ ಸೆರಗಿನೊಳಗಿತ್ತು.

"ಏನಾಯ್ತು ಆಂಟಿ?"

"ಬಚ್ಚಲದಾಗ ಜಾರಿದೆ ಅಮ್ಮಾಯಿ."

ಒಳಗಿನಿಂದ ಅಂಕಲ್ ಕೂಗಿದರು: "ಏ ತಂಗಿ, ಸಣ್ಣಪ್ಪ ಇವತ್ತ ಶನಿ ಉಂಗುರಾನೂ ತೋರ್ಸಾಕತ್ತಾನ, ಬಾ!" ಆಂಟಿ ತಟ್ಟೆಯನ್ನು ನನ್ನ ಕೈಗಿಟ್ಟು, ಹೋಗು ಎಂದು ಕಣ್ಣಲ್ಲೇ ಹೇಳಿದರು.

ಸಂಕ್ರಾಂತಿ ಮುಗಿದ ವಾರ ಅವರು ನನ್ನ ಕೇಂದ್ರಕ್ಕೆ ಬಂದರು. ಮಣಿಕಟ್ಟಿಗೆ ಪ್ಲಾಸ್ಟರ್. ಜೊತೆಗೆ ಒಂದು ಚೀಲ. ಈ ಸಲ ಜಾರಿದೆ ಎನ್ನಲಿಲ್ಲ. ಅಂಕಲ್ ಇಡೀ ವರ್ಷದ ಗ್ರಹಗಳ ಪಟ್ಟಿ ತಯಾರಿಸಲು ಮನೆಯ ಕಂಪ್ಯೂಟರನ್ನು ಬೆಳಗಿನಿಂದ ಓಡಬಿಟ್ಟಿದ್ದರಂತೆ. ಅಡುಗೆಮನೆಯ ಸ್ವಿಚ್ಚು ಸುಟ್ಟು ಹೊಗೆ ಬಂತು. ಆಂಟಿ ಹೆದರಿ ಮೇನ್ ಆಫ್ ಮಾಡಿದರು. ಪಟ್ಟಿ ಹೋಯಿತು.

"ಮೇನ್ ಬಂದ್ ಮಾಡಿದ ಕೈ ಯಾವುದು ಅಂತ ಅವರು ಕೇಳಿದ್ರು. ತೋರಿಸಿದೆ. ತಿರುವಿದ್ರು. ಸಪ್ಪಳ ನಾನೂ ಕೇಳಿದೆ, ಅವರೂ ಕೇಳಿದ್ರು." ಮಾರುಕಟ್ಟೆಯ ಸುದ್ದಿ ಹೇಳುವಂತೆ ಹೇಳಿದರು. "ತಮ್ಮನ ಮನಿಗೆ ಹೊಂಟೀನಿ. ಅವರಿಗೆ ಹೇಳು. ಬರೋ ಸಂಕ್ರಾಂತಿ ತನಕ ಯಾರ ಮ್ಯಾಲೂ ಕೈ ಎತ್ತಬಾರದು. ಎತ್ತಲಿಲ್ಲ ಅಂದ್ರ ಬರ್ತೀನಿ. ಎತ್ತಿದ್ರ ಅಯಿಪೋಯಿಂದಿ, ಮುಗೀತು."

ನಾನು ಹೋಗಿ ಹೇಳಿದೆ. ಅಂಕಲ್ ತುಂಬ ಹೊತ್ತು ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಕೇಳಿದರು:

"ಗ್ವಾಡಿಗೆ ಹೊಡದ್ರ ಲೆಕ್ಕಕ್ಕ ಬರ್ತೈತೇನವಾ?"

"ಗೋಡೆ ಬಗ್ಗೆ ಆಂಟಿ ಏನೂ ಹೇಳಲಿಲ್ಲ."

ಆ ವರ್ಷ ಅವರ ಮನೆಯ ಗೋಡೆಯ ಗಾರೆ ಅಲ್ಲಲ್ಲಿ ಉದುರಿತು. ಹೊರಗೆ ಹೋಗುವಾಗ ಬಲಗೈಯ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿ ಬೆಲ್ಟಿಗೆ ಗಂಟು ಹಾಕಿಕೊಳ್ಳತೊಡಗಿದರು. ಕೈಗೆ ಏಟಾಗಿದೆ ಎಂದು ಜನ ತಿಳಿದರು. ಜಗದಾಂಬಾ ಸೆಂಟರಿನಲ್ಲಿ ಒಬ್ಬ ಆಟೋದವನು ಅವರ ಪಾದದ ಮೇಲೆ ಚಕ್ರ ಹತ್ತಿಸಿ, ಇಳಿದು ಬಂದು ಅವರನ್ನೇ ಬೈದ. ನಾನು ಪಕ್ಕದಲ್ಲಿದ್ದೆ. ಅಂಕಲ್‌ನ ಇಡೀ ಮೈ ಬಾಯ್ಲರಿನಂತೆ ಅದುರಿತು. ಬೆಲ್ಟು ಕಿರುಗುಟ್ಟಿತು. ಕೆಳದುಟಿಯನ್ನು ಎಷ್ಟು ಜೋರಾಗಿ ಕಚ್ಚಿದರೆಂದರೆ ಗಡ್ಡದ ಮೇಲೆ ರಕ್ತ ಇಳಿಯಿತು. ಆಟೋದವನು ಅದನ್ನು ಕಂಡು ಹೆದರಿ ಗಾಡಿ ಹತ್ತಿ ಓಡಿದ. "ಹೋತು," ಎಂದರು ಅಂಕಲ್. "ಇದೊಂದು ಹೋತು."

ಮತ್ತೆ ಸಂಕ್ರಾಂತಿ ಹತ್ತಿರ ಬಂತು. ಅಂಕಲ್ ಯಾರನ್ನೂ ಹೊಡೆದಿರಲಿಲ್ಲ. ಆಗಲೇ ಸಣ್ಣಪ್ಪ ಅವರಿಗೊಂದು ಆಸೆ ತೋರಿಸಿದ: ಹಬ್ಬಕ್ಕೆ ಮೊದಲು ಒಂದು ಸಂಜೆ, ಕತ್ತಲಾಗುತ್ತಿದ್ದಂತೆ ಚಂದ್ರ ರೋಹಿಣಿ ನಕ್ಷತ್ರವನ್ನು ಮುಚ್ಚುತ್ತಾನೆ ಎಂದು. ಕಣ್ಣಿಗೇ ಕಾಣುವಂಥದ್ದು. ಅಂಕಲ್ ಇಬ್ರಾಹಿಂಪಟ್ನಂಗೆ ಫೋನ್ ಮಾಡಿ ಬಾಮೈದನಿಗೆ ಹೇಳಿದರು. ಅವರು ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಫೋರ್‌ಮನ್, ಕಾಲೊನಿಯ ಕ್ಲಬ್ಬಿನ ಕಾರ್ಯದರ್ಶಿ. ಭಾವ ಬದಲಾಗಿದ್ದಾನೆಂದು ಅವರೂ ನಂಬಿದರೋ ಏನೋ, ಮೈದಾನದಲ್ಲಿ ಶಾಮಿಯಾನ, ಮೈಕು, ಕುರ್ಚಿ ಎಲ್ಲ ಹೊಂದಿಸಿದರು. ಆಗ ನಾನು ಮದುವೆಯೊಂದಕ್ಕೆ ಹಾಸನಕ್ಕೆ ಹೋಗಿದ್ದೆ. ಅಲ್ಲಿಂದ ನೇರವಾಗಿ ವಿಜಯವಾಡಕ್ಕೆ ಬಂದೆ. ಸ್ಟೇಷನ್ನಿಗೆ ಅಂಕಲ್ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಷರ್ಟು, ಬೆಲ್ಟಿನ ಹತ್ತಿರ ಅದೇ ಗಂಟು.

"ಈ ಸಲ ನಿನ್ನ ಹಂಗಿಲ್ಲ ತಂಗಿ. ನಾನs ಕುಂತು ಎಲ್ಲಾ ತುಂಬೀನಿ. ನಿಮ್ಮ ಆಂಟಿ ಬರ್ತಾಳ ನೋಡಾಕ. ನೋಡಿ, ನನ್ನ ಕೂಡ ಬರ್ತಾಳ."

ಸಂಜೆ ಮೈದಾನ ತುಂಬಿತ್ತು. ಸ್ಥಾವರದ ಚಿಮಣಿಗಳ ಹೊಗೆ ಒಂದು ಕಡೆಗೆ ವಾಲಿತ್ತು, ಪೂರ್ವ ತೆರವಾಗಿತ್ತು. ಆಂಟಿ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಬಾಮೈದ ಮೈಕಿನಲ್ಲಿ ಭಾವನ ನೌಕಾಪಡೆಯ ಅನುಭವವನ್ನು ಹೊಗಳುತ್ತಿದ್ದರು. ನಾನು ತಲೆ ಎತ್ತಿದೆ. ಚಂದ್ರ ಇದ್ದ. ರೋಹಿಣಿಯೂ ಇತ್ತು. ಕೈ ಚಾಚಿ ಅಳೆದೆ. ನಡುವೆ ಮೂರು ಬೆರಳಿಗೂ ಹೆಚ್ಚು ಜಾಗವಿತ್ತು. ಅಷ್ಟು ದೂರವನ್ನು ಚಂದ್ರ ದಾಟಬೇಕಾದರೆ ಬೆಳಗಾಗಬೇಕು.

"ಅಂಕಲ್, ಟೈಮ್ ಝೋನ್ ಏನು ಹಾಕಿದ್ರಿ?"

"ಏನ್ ಹಾಕ್ತಾರ? ಮೂವತ್ತ ವರ್ಷ ಹಾಕಿದ್ದು. ಮೈನಸ್ ಐದೂವರೆ."

ಅವರೂ ಅಷ್ಟರಲ್ಲಿ ಮೇಲೆ ನೋಡಿದ್ದರು.

ಇದು ಹಡಗಿನವರು ಮಾತ್ರ ಮಾಡುವ ತಪ್ಪು. ಹಡಗಿನ ಗಡಿಯಾರದಿಂದ ಎಷ್ಟು ಕಳೆದರೆ ಗ್ರೀನ್‌ವಿಚ್ ಸಮಯ ಬರುತ್ತದೆ ಎಂಬುದು ಅವರ ಲೆಕ್ಕ, ಹಾಗಾಗಿ ಭಾರತ ಅವರಿಗೆ ಮೈನಸ್ ಐದೂವರೆ. ಸಣ್ಣಪ್ಪ ಕೇಳುವುದು ತಿರುಗಾಮುರುಗಾ: ಗ್ರೀನ್‌ವಿಚ್‌ಗೆ ಎಷ್ಟು ಕೂಡಿಸಬೇಕು ಎಂದು. ಚಿಹ್ನೆಯೊಂದು ತಪ್ಪಿದರೆ ಹನ್ನೊಂದು ಗಂಟೆ ಆಚೀಚೆ. ಚಂದ್ರ ರೋಹಿಣಿಯನ್ನು ಮುಚ್ಚುವುದು ಮಾರನೆಯ ಬೆಳಗ್ಗೆ, ಚಂದ್ರ ನಮ್ಮ ಕಾಲಡಿ ಇಳಿದ ಮೇಲೆ. ಚಂದ್ರ ಮೇಲಿದ್ದಾನೋ ಮುಳುಗಿದ್ದಾನೋ ಎಂದು ಆ ಒಂದು ಫ್ಲಾಪಿಯ ತಂತ್ರಾಂಶ ನೋಡುತ್ತಿರಲಿಲ್ಲ.

ಓಡಿಹೋಗಬಹುದಿತ್ತು. ಅಂಕಲ್ ನೇರ ವೇದಿಕೆಗೆ ಹೋಗಿ ಮೈಕ್ ಕಸಿದುಕೊಂಡರು. ಹರಕು ತೆಲುಗಿನಲ್ಲಿ ಹೇಳಿದರು: ಇವತ್ತು ಏನೂ ಆಗುವುದಿಲ್ಲ. ತಪ್ಪು ನನ್ನದು. ಮನೆಗೆ ಹೋಗಿ.

ಮೊದಲು ನಗು. ಆಮೇಲೆ ಶಿಳ್ಳೆ. ಯಾರೋ ಕೂಗಿದರು, "ಫೋರ್‌ಮನ್‌ಗಾರೂ, ನಿಮ್ಮ ಭಾವ ಚಂದ್ರನ ಕೈಯನ್ನೂ ತಿರುವಿದರಾ?" ಎಂದು. ಅಂದರೆ ಕಾಲೊನಿಗೆಲ್ಲ ಗೊತ್ತಿತ್ತು. ಕಲ್ಲೊಂದು ಹಾರಿ ಬಂದು ದೂರದರ್ಶಕದ ಕೊಳವೆಗೆ ಬಡಿಯಿತು. ಇನ್ನೊಂದು ಅಂಕಲ್‌ನ ಹುಬ್ಬಿಗೆ.

ಬಾಮೈದ ವೇದಿಕೆ ಹತ್ತಿದರು. ಮೂರು ಏಟಿನ ತನಕ ಅದು ಚಂದ್ರನ ವಿಷಯ, ಆಮೇಲೆ ಅಲ್ಲ. "ನಮ್ಮಕ್ಕನ ಕೈ! ನಮ್ಮಕ್ಕನ ಕೈ!" ಎನ್ನುತ್ತ ಹೊಡೆದರು. ಮೂಗಿಗೆ, ಪಕ್ಕೆಗೆ, ಬಿದ್ದ ಮೇಲೆ ಬೂಟುಗಾಲಿನಲ್ಲಿ ಹೊಟ್ಟೆಗೆ. ಸ್ಥಾವರದ ಇಬ್ಬರು ಬಿಡಿಸಲೆಂದು ಬಂದು ತಾವೂ ಒದ್ದರು. ನಾನು ಕಿರುಚುತ್ತಿದ್ದೆ, ಯಾರಿಗೂ ಕೇಳಲಿಲ್ಲ. ಕರವಸ್ತ್ರದ ಗಂಟು ಮೊದಲ ಒದೆತಕ್ಕೇ ಬಿಚ್ಚಿಹೋಗಿತ್ತು. ಬಲಗೈ ಪೂರ್ತಿ ಬಿಡುವಾಗಿತ್ತು. ಅಂಕಲ್ ಅದನ್ನು ಬೆನ್ನ ಕೆಳಗೆ ಹಾಕಿಕೊಂಡು ತಮ್ಮ ಭಾರದಿಂದಲೇ ಒತ್ತಿ ಹಿಡಿದಿದ್ದರು. ಬಾಯಿ ತುಂಬ ರಕ್ತ. ತಲೆ ಹೊರಳಿಸಿ ಹೆಂಗಸರ ಸಾಲಿನ ಕಡೆ ನೋಡಿದರು. ನೋಡಿ ನಕ್ಕರು.

ಆಂಟಿ ಎದ್ದು ಬಂದು ತಮ್ಮನ ರಟ್ಟೆ ಹಿಡಿದು ಎಳೆದ ಮೇಲೆ ಅದು ನಿಂತಿತು.

ಕಾಲೊನಿಯ ದವಾಖಾನೆಯ ಬೆಂಚಿನ ಮೇಲೆ ಅಂಕಲ್‌ನ ಹುಬ್ಬಿಗೆ ಹೊಲಿಗೆ ಹಾಕಿದರು. ಆಂಟಿ ಬಾಗಿಲಲ್ಲಿ ನಿಂತಿದ್ದರು, ತಮ್ಮ ಅವರ ಹಿಂದೆ.

"ನೋಡಿದೇನು?" ಎಂದರು ಅಂಕಲ್. ಮುಂದಿನ ಹಲ್ಲು ಹೋಗಿ ಮಾತು ತೊದಲುತ್ತಿತ್ತು. "ಕೈ ಎತ್ತಲಿಲ್ಲ. ಮಾತು ಉಳಿಸ್ಕೊಂಡೆ. ನಡಿ ಮನಿಗೆ."

"ಏವಂಡಿ," ಎಂದರು ಆಂಟಿ. ಗಂಡನನ್ನು ಅವರು ಕರೆಯುತ್ತಿದ್ದದ್ದು ಹಾಗೆ. "ನಾ ಏನ್ ಕೇಳಿದ್ದೆ? ಹೊಡಿಬ್ಯಾಡ್ರಿ ಅಂದಿದ್ದೆ. ಹೊಡಿಸ್ಕೊಂಡ್ ಬರ್ರಿ ಅಂದಿದ್ನೇನು?"

"ಎರಡೂ ಒಂದs ಅಲ್ಲೇನು?"

"ಅಲ್ಲ. ಕೆಳಗ ಬಿದ್ದಾಗ ನನ್ನ ಕಡೆ ನೋಡಿ ನಕ್ಕ್ರಿ. ಗೆದ್ದವರ ಗತೆ. ನನ್ನ ಮಣಿಕಟ್ಟು ಮುರದಾಗ ಸಪ್ಪಳ ಕೇಳಿದವರು ನಾವಿಬ್ಬರs. ನಿಮ್ಮ ಮೂಗು ಒಡದದ್ದು ಊರೆಲ್ಲಾ ನೋಡೇತಿ. ಅದಕ್ಕ ಇದಕ್ಕ ಸಮ ಆತು ಅಂತ ನಕ್ಕ್ರಿ. ಆ ನಗು ಇರೋ ಮನಿಗೆ ನಾ ಬರೂದಿಲ್ಲ."

ತಮ್ಮ ಮುಂದೆ ಬಂದು ತೆಲುಗಿನಲ್ಲಿ, "ಸರಿಯಾಗಿ ಹೇಳಿದೆ ಅಕ್ಕಾ, ನಾನಿದ್ದೀನಿ ನಿನಗೆ" ಎಂದರು.

ಆಂಟಿ ತಿರುಗಿ ತೆಲುಗಿನಲ್ಲೇ ಹೇಳಿದರು: "ನೀನು ನನ್ನ ಹೆಸರು ಹೇಳಿ ಹೊಡೆದೆ. ನನ್ನ ಕೇಳಿದ್ಯಾ? ಹೊಡೆಯೋವಾಗ ನಿನ್ನ ಮುಖ ಇವರದೇ ಆಗಿತ್ತು. ನಿನ್ನ ಮನೆಯಲ್ಲೂ ಇರೋದಿಲ್ಲ ನಾನು."

ಹೊಲಿಗೆ ಹಾಕುತ್ತಿದ್ದ ಕಂಪೌಂಡರ್ ದಾರ ಹಿಡಿದು ಹಾಗೇ ನಿಂತಿದ್ದ.

ಮಾರನೆಯ ಬೆಳಗ್ಗೆ ಆಂಟಿ ಚೀಲ ಹಿಡಿದು ಹೊರಟರು. ಕೊಂಡಪಲ್ಲಿಯಲ್ಲಿ ಮರದ ಬೊಂಬೆಗಳಿಗೆ ಬಣ್ಣ ಹಚ್ಚುವ ಅವರ ಹಳೆಯ ಗೆಳತಿಯೊಬ್ಬರಿದ್ದರು, ಅಲ್ಲಿಗೆ. ನಾನು ಬಸ್ ನಿಲ್ದಾಣದವರೆಗೆ ಹೋದೆ. ನಮ್ಮ ಹಿಂದೆ ಅಂಕಲ್, ಊದಿದ ಮುಖ, ಒಂದು ಕಣ್ಣು ಮುಚ್ಚಿಹೋಗಿತ್ತು. ಬಸ್ಸು ಬಂತು. ಆಂಟಿ ಮೆಟ್ಟಿಲ ಮೇಲೆ ನಿಂತು ಹೇಳಿದರು: "ಹಿಂದೆ ಬರಬ್ಯಾಡ್ರಿ."

ಹಡಗಿನ ಕ್ಯಾಪ್ಟನ್ನನ ಮಾತಿಗೂ ಎದುರು ಹೇಳಿದ ಮನುಷ್ಯ. ಅಲ್ಲೇ ನಿಂತರು. ಬಸ್ಸು ಹೋದ ಮೇಲೂ ನಿಂತೇ ಇದ್ದರು. ಆಮೇಲೆ ಬದುಕಿದಷ್ಟು ಕಾಲವೂ ಕೊಂಡಪಲ್ಲಿಗೆ ಹೋಗಲಿಲ್ಲ. ನನ್ನ ಜೊತೆ ಹೊಸ ಹೊಸ ತಂತ್ರಾಂಶ ನೋಡುತ್ತಿದ್ದರು. ಇದು ಬೇಡ, ಅದು ಬೇಡ ಎಂದು ಬೈಯುತ್ತಿದ್ದರು. ಯಾವುದನ್ನೂ ಮುರಿಯಲಿಲ್ಲ.

ಅವರು ತೀರಿಕೊಂಡ ದಿನ ಕೊಂಡಪಲ್ಲಿಗೆ ಫೋನ್ ಮಾಡಿದ್ದು ನಾನೇ. ಬೊಂಬೆ ಅಂಗಡಿಯವರು ಆಂಟಿಯನ್ನು ಕರೆಸಿದರು. ಹೇಳಿದೆ. ಅತ್ತ ಕಡೆ ಗರಗಸದ ಸದ್ದು ಕೇಳುತ್ತಿತ್ತು.

"ಆಮ್ಯಾಲೆ ಯಾರಿಗಾದ್ರೂ ಹೊಡದ್ರೇನು?"

"ಇಲ್ಲ ಆಂಟಿ. ಒಬ್ಬರಿಗೂ ಹೊಡೀಲಿಲ್ಲ."

"ಹೊಡದದ್ದು ನಾ ನೋಡಿಲ್ಲ ಅಂತಷ್ಟs ಹೇಳು ಅಮ್ಮಾಯಿ," ಎಂದರು. "ಇಲ್ಲ ಅನಬ್ಯಾಡ."

ಆಮೇಲೆ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಈಗ ಹೊರಡುವ ರೈಲು ಯಾವುದೆಂದು ಕೇಳಿದರು. ಹೇಳಿದೆ. ಬರುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ದಂಡೆಯಲ್ಲಿ ಚಿತೆ ಹೊತ್ತಿ ಉರಿಯತೊಡಗಿದಾಗ ದಾರಿಯ ತುದಿಯಲ್ಲಿ ಒಂದು ಆಟೋ ನಿಂತಿತು. ಅವರು ಇಳಿದರು. ಬೆಂಕಿ ಆರುವ ತನಕ ಅಲ್ಲೇ, ಅಷ್ಟು ದೂರದಲ್ಲೇ ನಿಂತಿದ್ದರು. ಹತ್ತಿರ ಬನ್ನಿ ಎಂದು ಕರೆಯಲು ನಾನು ಹೋಗಲಿಲ್ಲ.